ವಿಮಾನದ ಕಾಲು

"ಅಜ್ಜಾರ, ಮನಸ್ಸು ಎಷ್ಟು ಗಟ್ಟಿ ಮಾಡ್ಕೊಂಡ್ರ ಯಾರ ಮಾತೂ ತಾಗೂದಿಲ್ರೀ?"

ಅಡಿವೆಪ್ಪ ಮಠದ ಗುರುಗಳನ್ನು ಕೇಳಿದ್ದು ಇಷ್ಟೇ. ಆದರೆ ಈ ಪ್ರಶ್ನೆ ಅವನಿಗೆ ಎಲ್ಲಿಂದ ಬಂತು ಎಂಬುದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಡಿವೆಪ್ಪ ಮಠದ ಶಿಷ್ಯ. ತಂದೆತಾಯಿ ಬೇಗ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವನು ಅವನ ಅಣ್ಣ. ಆ ಅಣ್ಣ ಒಂದು ದಿನ ಊಟದ ಪಂಕ್ತಿಯಲ್ಲಿ, ಬೀಗರ ಎದುರಿಗೆ, "ಮಠ ಸೇರಿದವಗ ಮನಿ ಉಸಾಬರಿ ಯಾಕ?" ಎಂದುಬಿಟ್ಟ. ಅಡಿವೆಪ್ಪ ಅರ್ಧ ಊಟಕ್ಕೇ ಎದ್ದು ಕೈತೊಳೆದು, "ಇನ್ನ ಈ ಹೊಸ್ತಿಲಾ ತುಳಿದ್ರ ನಾ ನಿನ್ನ ತಮ್ಮನ ಅಲ್ಲ" ಎಂದು ಹೇಳಿ ಬಂದ. ಅಂದಿನಿಂದ ಅವನು ಆ ಹೊಸ್ತಿಲು ತುಳಿದಿರಲಿಲ್ಲ.

ಈಗ ಅಣ್ಣನ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮರುದಿನವೇ ಇತ್ತು. ಅಣ್ಣನ ಮಗ ಬೆಳಿಗ್ಗೆ ಮಠಕ್ಕೆ ಬಂದು, ಕೂಸಿನ ಹೆಸರನ್ನು ಕಾಕಾನೇ ಆರಿಸಿ ತರಬೇಕೆಂದು ಅಪ್ಪ ಹೇಳಿ ಕಳಿಸಿದ್ದಾನೆ ಎಂದು ತಿಳಿಸಿದ. ಉತ್ತರಕ್ಕೆ ನಿಲ್ಲಲಿಲ್ಲ. ಏನು ಉತ್ತರ ಬರಬಹುದೆಂದು ಹೆದರಿ ಹೋಗಿಬಿಟ್ಟ.

ಗುರುಗಳು ಹತ್ತಿ ಹೊಸೆದು ದೀಪದ ಬತ್ತಿ ಮಾಡುತ್ತಿದ್ದರು. ತಲೆ ಎತ್ತದೆಯೇ, "ಯಾಕ, ನಾಳೆ ಹೋಗೂದಿಲ್ಲೇನ?" ಎಂದರು.

"ಹೋದ್ರ ನಾ ಸೋತಂಗ ಅಲ್ರೀ? ಬಗ್ಗಿದವಗ ಒಂದು ಗುದ್ದು ಹೆಚ್ಚು. ನಾ ಆಡಿದ ಮಾತು ನಾನ ಮುರೀಲೇನ್ರಿ?"

"ಕುಂದರು. ನಿನಗೊಂದು ವಿಮಾನದ ಕತಿ ಹೇಳ್ತೀನಿ."

ಅಡಿವೆಪ್ಪನಿಗೆ ನಗು ಬಂತು. ಗುರುಗಳು ರೈಲು ಹತ್ತುವುದಕ್ಕೇ ಹಿಂದೆ ಮುಂದೆ ನೋಡುವವರು.

"ನಗಬ್ಯಾಡ. ಇದು ಹತ್ತೂ ವಿಮಾನ ಅಲ್ಲ, ಹಾರಿಸೂ ವಿಮಾನ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವೆಲ್ಡರ್ ಇದ್ದ. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಕೊಂಡಿ, ಊರಿನಲ್ಲಿ ಏನು ಮುರಿದರೂ ಅವನ ಅಂಗಡಿಗೆ ಬರುತ್ತಿತ್ತು. ತಾನು ಬೆಸೆದದ್ದು ಬಿಟ್ಟುಕೊಂಡಿತೆಂದು ಯಾರೂ ಮರಳಿ ಬಂದವರಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಸುಳ್ಳು ಜಂಬವಲ್ಲ. ನಿಜವಾಗಿಯೂ ಯಾರೂ ಬಂದಿರಲಿಲ್ಲ. ಜಂಬ ನಿಜವಾದಾಗಲೇ ಅದನ್ನು ಇಳಿಸುವುದು ಕಷ್ಟ.

ಅವನ ಅಂಗಡಿಗೂ ಪಕ್ಕದ ಅಂಗಡಿಗೂ ನಡುವೆ ಒಂದೇ ಗೋಡೆ. ಪಕ್ಕದ ಅಂಗಡಿ ಒಬ್ಬ ದರ್ಜಿಯದು. ವೆಲ್ಡರ್‌ನದು ಕಿಡಿ ಹಾರುವ ಕೆಲಸ, ದರ್ಜಿಯದು ಬಟ್ಟೆಯ ಕೆಲಸ. ಎರಡೂ ಅಕ್ಕಪಕ್ಕ ಇರಬಾರದು ಎಂದು ಊರವರು ಹೇಳುತ್ತಿದ್ದರು. ಆದರೆ ಅವರಿಬ್ಬರೂ ಚಿಕ್ಕಂದಿನಿಂದ ಜೊತೆಗಿದ್ದವರು. ಒಂದು ಚಹಾ ತರಿಸಿ ಎರಡು ಮಾಡಿ ಕುಡಿಯುತ್ತಿದ್ದರು. ಇಬ್ಬರಿಗೂ ಹುಚ್ಚು ಕೂಡ ಒಂದೇ. ಸಣ್ಣ ವಿಮಾನ ಕಟ್ಟಿ ಹಾರಿಸುವುದು.

ಸಣ್ಣ ವಿಮಾನ ಎಂದರೆ ಮಕ್ಕಳ ಪ್ಲಾಸ್ಟಿಕ್ ಆಟಿಕೆ ಎಂದುಕೊಳ್ಳಬೇಡ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಬ್ಬ ಆಳು ಕಾಲು ಚಾಚಿ ಮಲಗಬಹುದು. ಮೂಗಿನಲ್ಲಿ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ, ಕೆಳಗೆ ನಿಂತವನ ಕೈಯಲ್ಲಿ ರಿಮೋಟು. ಅದು ನೆಲದ ಮೇಲೆ ಓಡಿ, ಏರಿ, ಆಕಾಶದಲ್ಲಿ ಸುತ್ತು ಹಾಕಿ, ಮತ್ತೆ ತನ್ನ ಗಾಲಿಗಳ ಮೇಲೆ ಇಳಿಯಬೇಕು. ಏರುವುದು ದೊಡ್ಡ ವಿಷಯವಲ್ಲ. ಮೋಟಾರು ಏರಿಸುತ್ತದೆ. ಇಳಿಯುವಾಗ ಗೊತ್ತಾಗುತ್ತದೆ ಯಾರು ಎಷ್ಟು ಕಲಿತಿದ್ದಾರೆ ಎಂದು.

ಇಬ್ಬರೂ ಕೆಲಸ ಹಂಚಿಕೊಂಡರು. ಮೈ ಮತ್ತು ಕಾಲು ವೆಲ್ಡರ್‌ನದು. ರೆಕ್ಕೆ ದರ್ಜಿಯದು. ದರ್ಜಿ ಹಗುರವಾದ ಮರದ ಪಟ್ಟಿಗಳನ್ನು ಕೊಯ್ದು, ಒಂದೊಂದನ್ನೇ ಅಂಟಿಸಿ ರೆಕ್ಕೆಯ ಹಂದರ ಕಟ್ಟಿದ. ಅದರ ಮೇಲೆ ತೆಳು ರೇಷ್ಮೆ ಹೊದಿಸಿ, ಇಸ್ತ್ರಿಪೆಟ್ಟಿಗೆಯನ್ನು ಹದ ಕಾಯಿಸಿ ಎಳೆದ. ಎಲ್ಲಿಯೂ ಒಂದು ಸುಕ್ಕಿಲ್ಲ. ಮದುವೆಯ ಅಂಗಿಗೂ ಅವನು ಅಷ್ಟು ಮನಸ್ಸು ಕೊಟ್ಟವನಲ್ಲ. ಆ ರೆಕ್ಕೆ ಮುಗಿಯುವುದಕ್ಕೆ ಒಂದು ವರ್ಷದ ಭಾನುವಾರಗಳು ಹೋದವು. ಮುಗಿದ ದಿನ ವೆಲ್ಡರ್ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬಂದ. ಅವರ ಸ್ನೇಹ ಅಂಥದ್ದು.

ಊರಿನಲ್ಲಿ ವಿಮಾನ ಇಳಿಸುವುದಕ್ಕೆ ಡಾಂಬರಿನ ಜಾಗ ಇರಲಿಲ್ಲ. ಊರಾಚೆ ದನ ಮೇಯುವ ಬಯಲು ಇತ್ತು. ಪೂರ್ತಿ ಹುಲ್ಲು. ದೂರದಿಂದ ನೋಡಿದರೆ ಒಳ್ಳೆ ಸಪಾಟು. ಹತ್ತಿರ ಹೋದರೆ ಗರಿಕೆಯ ಗಂಟುಗಳು, ಮಳೆಯಲ್ಲಿ ದನ ತುಳಿದು ಒಣಗಿದ ಗೊರಸಿನ ಕುಳಿಗಳು. ಇಳಿಯುವ ವಿಮಾನದ ಗಾಲಿಯನ್ನು ಹುಲ್ಲು ಹಿಡಿದುಕೊಳ್ಳುತ್ತದೆ. ಗಾಲಿ ನಿಂತರೂ ವಿಮಾನ ಮುಂದಕ್ಕೆ ನುಗ್ಗುತ್ತದೆ. ಆಗ ಪೆಟ್ಟು ಎಲ್ಲಾದರೂ ತಗಲಲೇಬೇಕು.

ಮೊದಲ ಸಲ ಇಳಿದಾಗ ಗಾಲಿಗೆ ಕಾಲಾಗಿದ್ದ ತಂತಿ ಹಿಂದಕ್ಕೆ ಬಾಗಿತು. ವೆಲ್ಡರ್ ಅದನ್ನು ತನಗಾದ ಅವಮಾನ ಎಂದೇ ತಿಳಿದ. ಇನ್ನೂ ದಪ್ಪ ಸ್ಪ್ರಿಂಗ್ ತಂತಿ ಹಾಕಿದ. ಮುಂದಿನ ಸಲ ತಂತಿ ನಿಂತಿತು, ಅದನ್ನು ಬೋಲ್ಟ್ ಹಾಕಿ ಬಿಗಿದಿದ್ದ ಸಣ್ಣ ಪ್ಲೈವುಡ್ ಹಲಗೆ ಕಿತ್ತು ಬಂತು. ಆಗ ಹೊಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಮುಟ್ಟುವಂಥ ಅಗಲದ ಹಲಗೆ ಕೂರಿಸಿದ. ಗಾಲಿ ಸಣ್ಣದಾಯಿತೆಂದು ದೊಡ್ಡ ಗಾಲಿ ಹಾಕಿದ. ಮೂಗು ನೆಲಕ್ಕೆ ಕುಟ್ಟುತ್ತದೆಂದು ಕಾಲುಗಳನ್ನು ಸ್ವಲ್ಪ ಮುಂದಕ್ಕೆ ತಂದ.

ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಹುಲ್ಲಿಗೆ ಇಳಿಯುವ ವಿಮಾನಕ್ಕೆ ಗಟ್ಟಿ ಕಾಲು ಬೇಕು. ಕಾಲಿಲ್ಲದವನು ಊರು ಸುತ್ತಲಾರ.

ಆದರೆ ಮತ್ತೊಂದು ದಿನ ಗಾಲಿ ಗೊರಸಿನ ಕುಳಿಗೆ ಬಿತ್ತು. ತಂತಿ ಬಾಗಲಿಲ್ಲ, ಹಲಗೆ ಕಿತ್ತು ಬರಲಿಲ್ಲ. ಹೊಟ್ಟೆ ಸೀಳಿತು. ವೆಲ್ಡರ್ ಹೊಟ್ಟೆಗೆ ಒಳಗಿನಿಂದ ಪಟ್ಟಿ ಕೊಟ್ಟ. ಆಮೇಲೆ ಹೊಟ್ಟೆ ಉಳಿಯಿತು, ರೆಕ್ಕೆಯ ಬುಡದಲ್ಲಿ ಬಿರುಕು ಕಾಣಿಸಿತು. ಪ್ರತಿ ಸಲವೂ ಅವನು ಮುರಿದದ್ದನ್ನು ನೋಡುತ್ತಿದ್ದ, ಅದನ್ನೇ ಗಟ್ಟಿ ಮಾಡುತ್ತಿದ್ದ. ಪೆಟ್ಟು ಕಡಿಮೆಯಾಗಲಿಲ್ಲ. ಒಂದೊಂದು ಹೆಜ್ಜೆ ಒಳಕ್ಕೆ ಬಂತು, ಅಷ್ಟೆ. ಅದರ ಮೇಲೆ, ಗಟ್ಟಿ ಮಾಡಿದಷ್ಟೂ ವಿಮಾನ ಭಾರವಾಯಿತು. ಭಾರದ ವಿಮಾನ ನಿಧಾನವಾಗಿ ಬಂದರೆ ಬಿದ್ದುಹೋಗುತ್ತದೆ, ಜೋರಾಗಿಯೇ ಬರಬೇಕು. ಜೋರಾಗಿ ಬಂದರೆ ಪೆಟ್ಟೂ ಜೋರು.

ರೆಕ್ಕೆಯ ಬಿರುಕಿಗೆ ಅಂಟು ತುಂಬುತ್ತ ದರ್ಜಿ ಒಂದು ಮಾತು ಹೇಳಿದ.

"ಅಂಗಿ ಹೊಲಿಯೂವಾಗ ದಾರ ಬಟ್ಟಿಗಿಂತ ಬಿರುಸು ಇರಬಾರದೋ. ಜಗ್ಗಿದ್ರ ಹೊಲಿಗಿ ಬಿಚ್ಚಬೇಕು, ಬಟ್ಟಿ ಹರೀಬಾರದು. ಬಿಚ್ಚಿದ ಹೊಲಿಗಿ ನಾ ಮತ್ತ ಹಾಕಿ ಕೊಡ್ತೀನಿ. ಹರಿದ ಬಟ್ಟಿ ಯಾರು ನೇದು ಕೊಡ್ತಾರ?"

"ನಿಂದು ದಾರದ ಲೆಕ್ಕ, ನಂದು ಕಬ್ಬಿಣದ ಲೆಕ್ಕ" ಎಂದ ವೆಲ್ಡರ್.

ಗೆಳೆಯನ ಮಾತು ಅವನಿಗೆ ಅರ್ಥವಾಗಲಿಲ್ಲ ಎಂದಲ್ಲ. ಅವನು ದಡ್ಡನಲ್ಲ. ಬಿಟ್ಟುಕೊಳ್ಳುವ ಹಾಗೆ ಬೆಸೆಯುವುದು ಅವನ ಕೈಗೆ ಬರುತ್ತಿರಲಿಲ್ಲ. ಜೀವಮಾನವೆಲ್ಲ ಬಿಡದ ಹಾಗೆ ಬೆಸೆದ ಕೈ ಅದು.

ಹೀಗಿರುವಾಗ ಒಂದು ಭಾನುವಾರ ಬಯಲಿಗೆ ಹೋದ ಮೇಲೆ ನೋಡಿದರೆ ಕಾಲಿನ ಬೋಲ್ಟುಗಳ ತಿರುಪಿನ ಗೆರೆಗಳು ಸವೆದುಹೋಗಿ, ಬಿಗಿ ನಿಲ್ಲುತ್ತಿಲ್ಲ. ಬೇರೆ ಬೋಲ್ಟು ತಂದಿರಲಿಲ್ಲ. ಹಾರಿಸದೆ ಮರಳಿ ಹೋಗುವುದಕ್ಕೆ ಇಬ್ಬರಿಗೂ ಮನಸ್ಸಿಲ್ಲ. ದರ್ಜಿ ಬೇಲಿಯಿಂದ ಎರಡು ಬಿದಿರು ಕಡ್ಡಿ ಮುರಿದು ತಂದು, ವಿಮಾನದ ಹೊಟ್ಟೆಗೆ ಅಡ್ಡ ತೂರಿಸಿದ. ಕತ್ತರಿಸಿದ ಬಟ್ಟೆಯ ಕಟ್ಟುಗಳಿಗೆ ಹಾಕುವ ರಬ್ಬರ್ ಬ್ಯಾಂಡುಗಳು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿದ್ದವು. ಆ ಕಡ್ಡಿಗಳಿಗೆ ಕಾಲನ್ನು ರಬ್ಬರಿನಿಂದ ಎಳೆದು ಕಟ್ಟಿದ.

ವೆಲ್ಡರ್ ಮುಖ ಹುಳಿ ಮಾಡಿಕೊಂಡ. ಆದರೂ ಹಾರಿಸಿದ.

ವಿಮಾನ ಚೆನ್ನಾಗಿ ಹಾರಿತು. ಇಳಿಯುವಾಗ ಗಾಲಿ ಗರಿಕೆಯ ಗಂಟಿಗೆ ಸಿಕ್ಕಿತು. ರಬ್ಬರು ಹಿಗ್ಗಿತು, ಕಡ್ಡಿಯಿಂದ ಕಳಚಿತು, ಕಾಲು ಪೂರ್ತಿ ಉದುರಿ ಹಿಂದೆ ಉಳಿಯಿತು. ವಿಮಾನ ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಸ್ವಲ್ಪ ದೂರ ಜಾರಿ ಸುಮ್ಮನೆ ನಿಂತಿತು. ದರ್ಜಿ ಓಡಿಹೋಗಿ ನೋಡಿದ. ಮೈಗೆ ಹುಲ್ಲಿನ ಹಸಿರು ಮೆತ್ತಿತ್ತು. ಮತ್ತೆ ಏನೂ ಆಗಿರಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಹುಲ್ಲಿನ ಮೇಲೆ ಕೂತು ನಕ್ಕ. ಕಾಲನ್ನು ಹೆಕ್ಕಿ ತಂದು ಮತ್ತೆ ರಬ್ಬರು ಸುತ್ತಿದ. ಅದೇ ಸಂಜೆ ವಿಮಾನ ಇನ್ನೊಮ್ಮೆ ಹಾರಿತು. ಮನೆಗೆ ಹೋಗಿ ಅಂಟು ಹಚ್ಚುವ ಕೆಲಸವಿಲ್ಲದ ಭಾನುವಾರ ಅವರಿಗೆ ಅದೇ ಮೊದಲು.

ಆದರೆ ಬಯಲಿನ ಅಂಚಿನಲ್ಲಿ ಜನ ಇದ್ದರು. ಸಂಜೆ ತಿರುಗಾಡುವುದಕ್ಕೆ ಬಂದವರು, ಕ್ರಿಕೆಟ್ ಮುಗಿಸಿ ಕೂತವರು. ಕಾಲು ಉದುರಿದಾಗ ಅವರಲ್ಲಿ ಒಬ್ಬ ಕೂಗಿದ್ದ: "ಏ, ನಮ್ಮ ವೆಲ್ಡರ್‌ಂದು ವೆಲ್ಡಿಂಗ ಬಿಡ್ತಲೋ!"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಭಾನುವಾರದ ಸಂಜೆಯ ನಗು, ಮನೆ ಮುಟ್ಟುವುದರೊಳಗೆ ಮರೆತುಹೋಗುವಂಥದ್ದು. ನಕ್ಕವರು ಮರೆತರು. ವೆಲ್ಡರ್ ಮರೆಯಲಿಲ್ಲ. ವಿಮಾನ ಇಡಿಯಾಗಿ ಉಳಿದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ. ಕಾಲು ಉದುರಿದ್ದೊಂದೇ ಕಂಡಿತು. ಮನೆಗೆ ಹೋದರೂ ಅದೇ, ಊಟಕ್ಕೆ ಕೂತರೂ ಅದೇ.

ಮರುದಿನ ಅವನು ಬೋಲ್ಟಿನ ಮಾತೇ ಬಿಟ್ಟ. ವಿಮಾನದ ಹೊಟ್ಟೆಯೊಳಗೆ ಮೂಗಿನಿಂದ ರೆಕ್ಕೆಯ ಬುಡದವರೆಗೆ ಉಕ್ಕಿನ ಪಟ್ಟಿಯ ಚೌಕಟ್ಟು ಕೂರಿಸಿದ. ಗಾಲಿಯ ಕಾಲುಗಳನ್ನು ನೇರವಾಗಿ ಅದಕ್ಕೇ ಬೆಸೆದ. ಬಿಚ್ಚುವುದಕ್ಕೆ ಒಂದು ಕೀಲೂ ಉಳಿಸಲಿಲ್ಲ.

ದರ್ಜಿ ಬಂದು ವಿಮಾನ ಎತ್ತಿ ನೋಡಿದ. "ಭಾರ ಆತಲ್ಲೋ" ಎಂದ.

"ಭಾರ ಆಗ್ಲಿ. ಇನ್ನ ಬಿಡೂದಿಲ್ಲ ತಗೋ."

ದರ್ಜಿ ವಿಮಾನವನ್ನು ಕೆಳಗಿಟ್ಟ. ಆಮೇಲೆ ತನ್ನ ರೆಕ್ಕೆ ತಂದು ಕೂರಿಸಿಕೊಟ್ಟ. ಬೇಡ ಎನ್ನಬಹುದಿತ್ತು. ಗೆಳೆಯನ ಮುಖ ನೋಡಿ ಬೇಡ ಎನ್ನಲು ಆಗಲಿಲ್ಲ. ನನ್ನನ್ನು ಕೇಳಿದರೆ, ಅವತ್ತು ಆ ಇಬ್ಬರಲ್ಲಿ ರಬ್ಬರಾಗಿ ಹಿಗ್ಗಿದವನು ದರ್ಜಿ ಒಬ್ಬನೇ.

ಭಾನುವಾರ ಬಂತು. ಅದೇ ಬಯಲು, ಅದೇ ಜನ. ವಿಮಾನ ಏರುವುದಕ್ಕೇ ಬಯಲಿನ ಉದ್ದ ಸಾಲದಾಯಿತು. ಹೇಗೋ ಏರಿತು. ಇಳಿಯುವಾಗ ಜೋರಾಗಿ ಬಂತು. ಗಾಲಿ ಹುಲ್ಲಿಗೆ ತಾಗಿ, ಸ್ವಲ್ಪ ಓಡಿ, ಗರಿಕೆಯ ಗಂಟಿಗೆ ಸಿಕ್ಕಿತು.

ಕಾಲು ಕದಲಲಿಲ್ಲ. ಉಕ್ಕಿನ ಚೌಕಟ್ಟು ಕದಲಲಿಲ್ಲ. ಗಾಲಿ ನಿಂತಲ್ಲಿ ಮೈ ನಿಂತಿತು. ರೆಕ್ಕೆ ನಿಲ್ಲಲಿಲ್ಲ. ಎರಡೂ ರೆಕ್ಕೆ ಬುಡದಿಂದ ಮುರಿದು ಮುಂದಕ್ಕೆ ಮಡಚಿಕೊಂಡವು. ಒಳಗಿನ ಪಟ್ಟಿಗಳು ಪುಡಿಯಾಗಿ ರೇಷ್ಮೆ ಉದ್ದಕ್ಕೆ ಹರಿಯಿತು. ಒಂದು ವರ್ಷದ ಭಾನುವಾರಗಳು ಹುಲ್ಲಿನ ಮೇಲೆ ಬಿದ್ದವು. ಈ ಮಾತು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಇದೂ ದೊಡ್ಡ ಅನಾಹುತವಲ್ಲ, ಅಡಿವೆಪ್ಪ. ಒಮ್ಮೆ ಕಟ್ಟಿದ ರೆಕ್ಕೆಯನ್ನು ಅದೇ ಕೈ ಇನ್ನೊಮ್ಮೆ ಕಟ್ಟಬಹುದು. ಅನಾಹುತ ಆಮೇಲೆ ಆಯಿತು.

ಇಬ್ಬರೂ ಓಡಿ ಬಂದರು. ದರ್ಜಿ ರೆಕ್ಕೆಯ ಹತ್ತಿರ ಕೂತ. ವೆಲ್ಡರ್ ಗಾಲಿಯ ಹತ್ತಿರ ಕೂತ. ಕಾಲನ್ನು ಹಿಡಿದು ಅಲ್ಲಾಡಿಸಿ ನೋಡಿದ. ಗಾಲಿಯನ್ನು ಬೆರಳಿನಿಂದ ತಿರುಗಿಸಿದ. ನೆಟ್ಟಗೆ ತಿರುಗಿತು. ಅವನ ಮುಖ ಅರಳಿತು. ಎದ್ದು ನಿಂತು, ಬಯಲಿನ ಅಂಚಿನ ಜನರ ಕಡೆಗೆ ಕೈ ಎತ್ತಿ ಕೂಗಿದ: "ಬಿಟ್ಟಿಲ್ಲ ನೋಡ್ರೋ!"

ಯಾರೂ ನಗಲಿಲ್ಲ. ದರ್ಜಿ ಹೆಗಲ ಮೇಲಿನ ಟವೆಲು ಹಾಸಿ ರೆಕ್ಕೆಯ ಚೂರುಗಳನ್ನು ಒಂದೊಂದಾಗಿ ಎತ್ತಿ ಕಟ್ಟಿಕೊಂಡ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. "ಹೌದೋ, ನಿನ್ನ ಗಾಲಿ ಬಿಟ್ಟಿಲ್ಲ" ಎಂದು ಹೇಳಿ ಮನೆಗೆ ಹೋದ.

ಮುಂದಿನ ಭಾನುವಾರ ಅವನು ಬಯಲಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಗೋಡೆಯ ಆಚೆ ಹೊಲಿಗೆ ಮಶೀನಿನ ಸದ್ದು ಕೇಳುತ್ತಿತ್ತು. ಚಹಾದ ಹುಡುಗ ಒಂದು ಚಹಾ ಇತ್ತ, ಒಂದು ಚಹಾ ಅತ್ತ ಕೊಟ್ಟು ಹೋಗುತ್ತಿದ್ದ. ವೆಲ್ಡರ್ ಕಾದ. ತಾನೇ ಎದ್ದು ಹೋಗಿ 'ತಪ್ಪಾತೋ' ಎಂದಿದ್ದರೆ ಮುಗಿದುಹೋಗುತ್ತಿತ್ತು. ನಡುವೆ ಇದ್ದದ್ದು ಒಂದು ಗೋಡೆ. ಆದರೆ ಅವನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. 'ನನ್ನ ಕೆಲಸ ಬಿಟ್ಟಿಲ್ಲ, ನಾನೇಕೆ ಹೋಗಲಿ, ಬೇಕಿದ್ದರೆ ಅವನೇ ಬರಲಿ' ಎಂದುಕೊಂಡ. ದಿನಗಳು ಹೋದವು. ಕೊನೆಗೆ ಹೋಗಬೇಕೆಂದರೂ ಯಾವ ಮುಖ ಹೊತ್ತು ಹೋಗಬೇಕೆಂದು ತಿಳಿಯದಾಯಿತು.

ಆ ಕಾಲನ್ನು ಅವನು ಚೌಕಟ್ಟಿನ ಸಮೇತ ಅಂಗಡಿಯ ಬಾಗಿಲ ಮೇಲೆ ತೂಗುಹಾಕಿದ್ದಾನೆ. ಕಾಲು ಇನ್ನೂ ಬಾಗಿಲ್ಲ, ಬಿಟ್ಟಿಲ್ಲ. ಗಾಳಿ ಬೀಸಿದಾಗ ಗಾಲಿ ಇಂದಿಗೂ ತಿರುಗುತ್ತದೆ. ಗೇಟು ಮಾಡಿಸಲು ಬಂದವರು ಅದೇನೆಂದು ಕೇಳುತ್ತಾರೆ.

"ವಿಮಾನದ ಕಾಲು. ಎಂಥಾ ಪೆಟ್ಟು ಬಿದ್ರೂ ಬಿಟ್ಟಿಲ್ಲ" ಎನ್ನುತ್ತಾನೆ ವೆಲ್ಡರ್.

"ಭಾಳ ಗಟ್ಟಿ ಐತಿ ಬಿಡ್ರಿ. ವಿಮಾನ ಎಲ್ಲಿ?" ಎನ್ನುತ್ತಾರೆ ಬಂದವರು.

ಅವನು ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಶುರುಮಾಡುತ್ತಾನೆ. ಆ ಕನ್ನಡಕದ ಹಿಂದಿನ ಕಣ್ಣು ಯಾರಿಗೂ ಕಾಣುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಒಂದು ಕಡೆ ಸರಿಸಿ, ಇನ್ನಷ್ಟು ಹತ್ತಿ ಕೈಗೆ ತೆಗೆದುಕೊಂಡರು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ವೆಲ್ಡರ್‌ನ ಮೇಲೆ ಅವನಿಗೆ ಸಿಟ್ಟೇ ಬಂದಿತ್ತು.

"ಎಂಥಾ ಮನಶ್ಯಾ ರೀ ಅಂವಾ! ಅಂಥಾ ಗೆಳೆಯನ್ನ ಕಳಕೊಂಡು ಗಾಲಿ ತೂಗಹಾಕ್ಕೊಂಡು ಕುಂತಾನಲ್ರೀ. ಎದ್ದು ಹೋಗಿ ದರ್ಜಿ ಬಾಗಲಾ ಬಡದಿದ್ರ ಏನ ಹೋಗ್ತಿತ್ತು ಅವಂದು?"

"ಏನೂ ಹೋಗ್ತಿರಲಿಲ್ಲ" ಎಂದರು ಗುರುಗಳು. ಬತ್ತಿ ಹೊಸೆಯುತ್ತಲೇ ಕೇಳಿದರು, "ಅದಿರ್ಲಿ. ನೀ ಅಣ್ಣಗ ಆಡಿ ಬಂದ ಮಾತು ಇನ್ನೂ ಹಂಗ ಐತೇನ?"

"ಐತ್ರಿ" ಎಂದ ಅಡಿವೆಪ್ಪ. ಬೆನ್ನು ನೆಟ್ಟಗೆ ಮಾಡಿ ಕೂತ. "ಇವತ್ತಿನ ತನಾ ಆ ಹೊಸ್ತಿಲಾ ತುಳಿದಿಲ್ರಿ ಅಜ್ಜಾರ. ನನ್ನ ಮಾತು ಒಂದು ಕೂದಲಷ್ಟೂ ಅಲುಗಿಲ್ಲ."

ಗುರುಗಳು ಆಗ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ಭಾಳ ಗಟ್ಟಿ ಐತಿ ಬಿಡು. ಅಣ್ಣ ಎಲ್ಲಿ?"